ಳಕಾರ

ನನ್ನ ಮಿಷನ್ನಿನಲ್ಲಿ ಮೊದಲು ಸವೆದದ್ದು ಳ.
ಸಾಗರದ ಕೋರ್ಟಿನೆದುರು, ಸ್ಟಾಂಪ್ ವೆಂಡರನ ಪಕ್ಕ, ತಗಡಿನ ಮಾಡಿನಡಿ
ಇಪ್ಪತ್ತಾರು ವರ್ಷ ಕುಟ್ಟಿದ್ದೇನೆ ನಾನು, ಸೆವ್ರಿನ್ ಬಾಯಿ.
ಸನ್ನಿಧಾನದ ಸ ಸವೆಯಲಿಲ್ಲ, ವಾದಿಯ ವ ಸವೆಯಲಿಲ್ಲ.
ಮುಳುಗಡೆ, ಮುಳುಗಡೆ, ಮುಳುಗಡೆ ಎಂದು ಹೊಡೆದು ಹೊಡೆದು,
ಹೊಳೆ ಎಂದು, ಹಳ್ಳಿ ಎಂದು, ಕಳೆದುಕೊಂಡವರು ಎಂದು,
ಒಂದು ದಿನ ಳದ ಹೊಟ್ಟೆ ಹಾರಿಹೋಯಿತು.
ಆಮೇಲೆ ಆ ಜಾಗ ಖಾಲಿ ಬಿಡುವುದು ರೂಢಿಯಾಯಿತು.

ತುಂಬುತ್ತಿದ್ದವರು ಚೌಡಪ್ಪ ವಕೀಲರು.
ಸಹಿಗೆ ಮುಂಚೆ ಹಾಳೆ ಹಾಳೆ ತಿರುವಿ
ಪೆನ್ನಿನಲ್ಲಿ ಒಂದೊಂದೇ ಳ ಬರೆಯುವರು,
ಅಸಲಿಗೊಮ್ಮೆ, ಮೂರು ಕಾರ್ಬನ್ ಪ್ರತಿಗೆ ಮೂರು ಸಲ.
"ಬಿಡಿ ಸಾರ್, ಜಡ್ಜಿಗೆ ಅರ್ಥ ಆಗುತ್ತೆ" ಅಂದರೆ
"ಅರ್ಥ ಆಗೋದು ಬೇರೆ, ದಾಖಲಾಗೋದು ಬೇರೆ, ಬಾಯಿ."
ಫೀಸಿನ ಬದಲು ಕಳಲೆ ತರುತ್ತಿದ್ದರು ಜನ.
ಅದರಲ್ಲೂ ಒಂದು ಳ.

ಕನ್ನಮ್ಮನ ಕೇಸು ಹನ್ನೊಂದು ವರ್ಷ.
ನೀರು ನುಂಗಿದ ನಾಲ್ಕೆಕರೆಗೆ ಬದಲಾಗಿ ತೋರಿಸಿದ ನಾಲ್ಕೆಕರೆ;
ಪಹಣಿಯಲ್ಲಿ ಅವಳ ಹೆಸರಿರಬೇಕಾದಲ್ಲಿ 'ಅರಣ್ಯ'.
ತೀರ್ಪಿನ ದಿನ ಜಡ್ಜು ಕನ್ನಡಕ ತೆಗೆದು ಹೇಳಿದರು:
"ನಿಮ್ಮ ವಾದ ಸರಿ ಚೌಡಪ್ಪನವರೆ. ಕಾನೂನು ಇಲ್ಲ."
ಅವತ್ತು ಅವರು ಊಟ ಮಾಡಲಿಲ್ಲ,
ನನ್ನ ಬೆಂಚಿನ ಮೇಲೆ ಕೂತು ಮೂರು ಲೋಟ ಟೀ ಕುಡಿದರು.
ಕನ್ನಮ್ಮ ಕೇಳಿದಳು, "ಕಾನೂನು ಎಲ್ಲಿ ಸಿಗ್ತದೆ?"
"ಡೆಲ್ಲಿಲಿ."
"ಹಂಗಾರೆ ಹೋಗಿ ತಗಂಬನ್ನಿ."
ಪೇಟೆಯಿಂದ ಉಪ್ಪು ತರಲು ಹೇಳಿದ ಹಾಗೆ ಹೇಳಿದಳು.

ಹೋದರು.
ನಾಮಪತ್ರ ಹೊಡೆದವಳೂ ನಾನೇ:
ಆಸ್ತಿ, ಒಂದು ಸ್ಕೂಟರು, ಒಂದು ಬೀರು ಲಾ ರಿಪೋರ್ಟು.
ಭದ್ರಾವತಿಯಲ್ಲಿ ಹಾಕಿಸಿಕೊಂಡ ಹಾರ
ಶಿಕಾರಿಪುರ ಮುಟ್ಟುವಾಗ ಬಾಡಿತ್ತು. ಅದರಲ್ಲೇ ಮಾತಾಡಿದರು.
ಎಂಟು ಸಾವಿರದ ಚಿಲ್ಲರೆ ಮತದಲ್ಲಿ ಗೆದ್ದರು.

ಡೆಲ್ಲಿಯಿಂದ ಕಾಗದ:
"ಇಲ್ಲಿ ಕನ್ನಡದಲ್ಲಿ ಮಾತಾಡಬೇಕಾದರೆ ಮುಂಚೆಯೇ ತಿಳಿಸಬೇಕು. ತಿಳಿಸಿದೆ.
ಗಾಜಿನ ಗೂಡಿನೊಳಗೆ ಒಬ್ಬ ಹುಡುಗ ನನ್ನನ್ನು ಇಂಗ್ಲಿಷ್ ಮಾಡುತ್ತಾನೆ.
ಮುಳುಗಡೆ ಅಂದಾಗ ತಡವರಿಸಿದನಂತೆ,
ಆಮೇಲೆ 'ಪ್ರಾಜೆಕ್ಟ್ ಅಫೆಕ್ಟೆಡ್' ಅಂದನಂತೆ.
ಆ ಪದದಲ್ಲಿ ನೀರೇ ಇಲ್ಲ, ಬಾಯಿ.
ಮೂರು ನಿಮಿಷಕ್ಕೆ ಗಂಟೆ ಹೊಡೆದರು."

ಚುಕ್ಕೆ ಗುರುತಿನ ಪ್ರಶ್ನೆ ಅಂತ ಒಂದುಂಟು.
ಚುಕ್ಕೆ ಬಿದ್ದರೆ ಮಂತ್ರಿ ಎದ್ದು ನಿಂತು ಬಾಯಿಬಿಡಬೇಕು.
ಐದು ವರ್ಷಕ್ಕೆ ಒಮ್ಮೆ ಚೀಟಿ ಎದ್ದಿತು, ಸರದಿ ಹದಿನೇಳು;
ಆರನೆಯದು ಮುಗಿಯುವಾಗ ಹನ್ನೆರಡು ಹೊಡೆಯಿತು.
ಉತ್ತರ ಕಾಗದದಲ್ಲಿ ಬಂತು:
ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮೇಜಿನ ಮೇಲೆ ಇಡಲಾಗುವುದು.
ಕನ್ನಮ್ಮನಿಗೆ ಓದಿ ಹೇಳಿದೆ.
"ಆ ಮೇಜು ಎಷ್ಟು ದೊಡ್ಡದು?" ಅಂದಳು.
ನನಗೆ ಗೊತ್ತಿರಲಿಲ್ಲ.

ಒಂದು ರೈಲಿಗೆ ಎರಡು ನಿಮಿಷದ ನಿಲುಗಡೆ ತಂದರು, ನಿಜ.
ಊರು ಅವರನ್ನು ನೆನೆಯುವುದು ಅದಕ್ಕೇ.
ಹಸಿರು ಬಾವುಟದ ದಿನ ಅವರು ಬರಲಿಲ್ಲ, ಹಲ್ಲುನೋವು ಅಂದರು.

ಎರಡನೇ ಸಲ ಸೋತರು. ಸೋಮವಾರ ಕೋರ್ಟಿಗೆ ಬಂದರು.
ಬೀರುವಿನಲ್ಲಿದ್ದ ಕರಿಕೋಟಿಗೆ ಬೂಷ್ಟು ಹಿಡಿದಿತ್ತು,
ನನ್ನ ಬಟ್ಟೆಯಲ್ಲಿ ಒರೆಸಿದೆ.
ಬೋರ್ಡಿನಲ್ಲಿ 'ಮಾಜಿ' ಎಂದು ಬರೆಸಲು ಬಂದ ಜೂನಿಯರಿಗೆ
"ನಾನು ಹಾಲಿ ವಕೀಲ" ಎಂದಷ್ಟೇ ಹೇಳಿದರು.

ಈಗ ನನ್ನದು ಕಂಪ್ಯೂಟರು. ಳ ದುಂಡಗೆ ತಾನೇ ಬರುತ್ತದೆ.
ಕನ್ನಮ್ಮ ಹೋಗಿ ಎರಡು ವರ್ಷ.
ಮೊನ್ನೆ ಅವಳ ಮೊಮ್ಮಗಳ ಅರ್ಜಿ, ಅದೇ ಸರ್ವೆ ನಂಬರು.
ಸಹಿಗೆ ಕೊಟ್ಟೆ. ಪೆನ್ನು ಮೂರನೇ ಸಾಲಿನಲ್ಲಿ ನಿಂತಿತು.
ಅಚ್ಚಾದ ಳದ ಮೇಲೆಯೇ
ನಡುಗುವ ಕೈಯಲ್ಲಿ ಇನ್ನೊಂದು ಳ ತಿದ್ದಿದರು, ಆಮೇಲೆ ಮುಂದಿನದನ್ನು.
ನಾನು ಏನೂ ಹೇಳಲಿಲ್ಲ.
ಶಾಯಿ ಇನ್ನೂ ಹಸಿ ಇದೆ,
ಆರಲಿ ಎಂದು ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ.